ಮಂಗಳವಾರದ ಕೋರ್ಟು

ಪ್ರತಿ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಶೆಲ್ಬಿ ಒಂದು ಫೋನು ಮಾಡುತ್ತಿದ್ದಳು. ಆ ಕಡೆಯಿಂದ ರೆಕಾರ್ಡು ಮಾಡಿಟ್ಟ ಹೆಣ್ಣುದನಿ ಆ ದಿನದ ಬಣ್ಣ ಯಾವುದೆಂದು ಹೇಳುತ್ತಿತ್ತು. ಶೆಲ್ಬಿಗೆ ಗೊತ್ತುಮಾಡಿದ್ದು ನೇರಳೆ. ನೇರಳೆ ಎಂದು ಬಂದ ದಿನ ಅವಳು ಕೋರ್ಟಿನ ಹಿಂದಿನ ಕಟ್ಟಡಕ್ಕೆ ಹೋಗಿ, ಒಬ್ಬ ಹೆಂಗಸಿನ ಕಣ್ಣೆದುರಿಗೇ ಪ್ಲಾಸ್ಟಿಕ್ ಲೋಟಕ್ಕೆ ಮೂತ್ರ ಹಿಡಿದುಕೊಟ್ಟು, ಮೈಯಲ್ಲಿ ಮಾತ್ರೆಯ ಸುಳಿವಿಲ್ಲವೆಂದು ತೋರಿಸಿ ಬರಬೇಕು. ಅವಳು ಫೋನು ಕಿವಿಗಿಟ್ಟುಕೊಂಡ ಕೂಡಲೇ ಒಲೆಯ ಮುಂದಿದ್ದ ತಾಯಿ ಲೊರೆಟಾ ಬಾಣಲೆಯ ಮೇಲೆ ಸೌಟು ಆಡಿಸಿ ಸದ್ದು ಮಾಡುತ್ತಿದ್ದಳು. ಮೇಜಿನ ತುದಿಯಲ್ಲಿ ಕಾಫಿ ಹಿಡಿದು ಕೂತಿರುತ್ತಿದ್ದ ತನ್ನ ಮಾವನಿಗೆ ಆ ದನಿ ಕೇಳಬಾರದೆಂದು.

ಮಾವನ ಹೆಸರು ಓಡೆಲ್. ಮನೆಯಲ್ಲಿ ಎಲ್ಲರೂ ಅವರನ್ನು ಪಪ್ಪಾ ಎನ್ನುತ್ತಿದ್ದರು. ನದಿ ದಡದ ಹೆಂಚಿನ ಕಾರ್ಖಾನೆಯಲ್ಲಿ ಹೆಂಚು ಸುಡುವ ಗೂಡು ಕಾದು ಕಾದು ಮುದುಕರಾದವರು. ಕಾರ್ಖಾನೆ ಮುಚ್ಚಿತ್ತು, ಕಣ್ಣಿಗೆ ಮಬ್ಬು ಕವಿದಿತ್ತು. ಮನೆ ಮಾತ್ರ ಇನ್ನೂ ಅವರ ಹೆಸರಿನಲ್ಲೇ ಇತ್ತು.

"ಬೆಳಗ್ಗೇನೇ ಯಾರ ಹತ್ರ ಮಾತು?" ಎಂದು ಅವರು ಕೇಳಿದರೆ ಲೊರೆಟಾ, "ಕೆಲಸದ್ದು ಪಪ್ಪಾ. ಇವತ್ತು ಯಾವ ಪಾಳಿ ಅಂತ ಕೇಳ್ಕೊತಾಳೆ" ಎನ್ನುತ್ತಿದ್ದಳು.

"ಹೋಟೆಲಿನ ದುಪ್ಪಟಿ ಒಗೆಯೋಕೂ ಇಷ್ಟೊಂದು ಪಾಳಿಯಾ?" ಎಂದು ಅವರು ಟೋಸ್ಟನ್ನು ಕಾಫಿಗೆ ಅದ್ದುತ್ತಿದ್ದರು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಶೆಲ್ಬಿ ಮೊದಲು ವೃದ್ಧಾಶ್ರಮವೊಂದರಲ್ಲಿ ಕೆಲಸಕ್ಕಿದ್ದಳು. ಮುದುಕರನ್ನು ಎತ್ತಿ ಇಳಿಸಿ ಬೆನ್ನು ಹಿಡಿದುಕೊಂಡಾಗ ಡಾಕ್ಟರು ನೋವಿನ ಮಾತ್ರೆ ಬರೆದುಕೊಟ್ಟರು. ನೋವು ಹೋದ ಮೇಲೂ ಮಾತ್ರೆ ಹೋಗಲಿಲ್ಲ. ಡಾಕ್ಟರು ಬರೆದುಕೊಡುವುದನ್ನು ನಿಲ್ಲಿಸಿದಾಗ ಅವಳು ಪಕ್ಕದ ಊರಿನ ಮುದುಕಿಯೊಬ್ಬಳ ಮನೆಗೆ ಹಿಂಬಾಗಿಲಿನಿಂದ ನುಗ್ಗಿ ಔಷಧಿ ಡಬ್ಬಿ ಎತ್ತಿಕೊಂಡು ಸಿಕ್ಕಿಬಿದ್ದಳು. ಕಳ್ಳತನಕ್ಕೆ ಒಂದೂವರೆ ವರ್ಷದ ಜೈಲು. ಆದರೆ ಆ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಇಂಥವರಿಗೆಂದೇ ಒಂದು ಚಿಕಿತ್ಸಾ ಕೋರ್ಟು ಇತ್ತು. ತಪ್ಪು ಒಪ್ಪಿಕೊಂಡರೆ ಶಿಕ್ಷೆಯನ್ನು ತಲೆಯ ಮೇಲೆ ತೂಗುಹಾಕಿ, ಚಿಕಿತ್ಸೆಗೆ ಕಳಿಸುತ್ತಿದ್ದರು. ಪ್ರತಿ ಮಂಗಳವಾರ ಜಡ್ಜಿನ ಮುಂದೆ ನಿಲ್ಲಬೇಕು, ಆಪ್ತಸಲಹೆಗೆ ಹೋಗಬೇಕು, ಬಣ್ಣ ಕರೆದಾಗ ಓಡಬೇಕು. ಎಲ್ಲ ಮುಗಿಸಿದರೆ ಕೇಸೇ ಇಲ್ಲ. ನಡುವೆ ಕೈಬಿಟ್ಟರೆ ನೇರ ಜೈಲು. ಆ ವರ್ಷದ ವಸಂತದಿಂದ ಶೆಲ್ಬಿ ಒಂದು ಮಂಗಳವಾರವೂ ತಪ್ಪಿಸಿರಲಿಲ್ಲ.

ಇದನ್ನು ಪಪ್ಪಾನಿಗೆ ಹೇಳಬಾರದೆಂದು ಲೊರೆಟಾ ಮತ್ತು ಅವಳ ಗಂಡ ಡೆನ್ವರ್ ಸೇರಿ ತೀರ್ಮಾನಿಸಿದ್ದರು. ಅದಕ್ಕೆ ಕಾರಣವೂ ಇತ್ತು. ಡೆನ್ವರನ ತಮ್ಮ ಮರ್ಲ್ ಕುಡಿತಕ್ಕೆ ಬಿದ್ದಿದ್ದಾಗ ಪಪ್ಪಾ ಅವನ ಬಟ್ಟೆಬರೆಯನ್ನೆಲ್ಲ ಕಸದ ಚೀಲಕ್ಕೆ ತುಂಬಿ ಜಗುಲಿಯ ಮೇಲಿಟ್ಟು ಒಳಗಿನಿಂದ ಚಿಲಕ ಹಾಕಿದ್ದರು. ಮರ್ಲ್ ಕೊಲಂಬಸ್ ನಗರದ ಬಾಡಿಗೆ ಕೋಣೆಯೊಂದರಲ್ಲಿ ಸತ್ತ. ಆಮೇಲೆ ಈ ಮನೆಯಲ್ಲಿ ಯಾರೂ ಅವನ ಹೆಸರೆತ್ತಲಿಲ್ಲ.

"ಅವರಿಗೆ ಗೊತ್ತಾದ್ರೆ ಇವಳ ಚೀಲಾನೂ ಜಗುಲಿ ಮೇಲೇನೇ" ಎಂದಿದ್ದ ಡೆನ್ವರ್. ಲೊರೆಟಾ ಅಂದಿನಿಂದ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡವಳ ಹಾಗೆ ಓಡಾಡಿದಳು. ಪಪ್ಪಾನಿಗೆ ಹೇಳದ ಮೇಲೆ ಊರಿಗೆ ಹೇಳುವುದಾದರೂ ಹೇಗೆ? ಮಂಗಳವಾರ ಶೆಲ್ಬಿಯನ್ನು ಕೋರ್ಟಿನ ಬಾಗಿಲಿಗೆ ಬಿಡುತ್ತಿರಲಿಲ್ಲ. ಎರಡು ಬೀದಿ ಈಚೆ ದಿನಸಿ ಅಂಗಡಿಯ ಹಿಂದೆ ಕಾರು ನಿಲ್ಲಿಸಿ ಅಲ್ಲಿಂದ ನಡೆದು ಹೋಗಲು ಹೇಳಿ, ತಾನು ಕಾರಿನಲ್ಲೇ ಕಾಯುತ್ತಿದ್ದಳು.

"ಒಂದ್ಸಲ ಒಳಗೆ ಬಾಮ್ಮ" ಎಂದಿದ್ದಳು ಶೆಲ್ಬಿ. "ಬೇರೆಯವರ ಮನೆಯವರೆಲ್ಲ ಬರ್ತಾರೆ."

"ಮುಂದಿನ ವಾರ ನೋಡೋಣ."

"ಹೋದ ವಾರಾನೂ ಹೀಗೇ ಅಂದೆ."

"ಅಲ್ಲಿ ಗುಮಾಸ್ತೆ ಕೆಲಸ ಮಾಡೋಳು ನಮ್ಮ ಚರ್ಚಿನೋಳು, ಶೆಲ್ಬಿ. ಭಾನುವಾರ ಅವಳ ಪಕ್ಕದಲ್ಲೇ ಕೂತು ನಾನು ಹಾಡ್ಬೇಕು."

ಶೆಲ್ಬಿ ಕಾರಿನ ಬಾಗಿಲನ್ನು ಮೆಲ್ಲಗೆ ಮುಚ್ಚಿ ನಡೆದಿದ್ದಳು. ಧಡಾರನೆ ಮುಚ್ಚಿದ್ದರೆ ಲೊರೆಟಾಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಕ್ಟೋಬರ್ ಶುರುವಿನಲ್ಲಿ ಶೆಲ್ಬಿ ಕೋರ್ಟಿನಿಂದ ಬರುವಾಗ ಕಂಕುಳಲ್ಲಿ ಒಂದು ಬೋರ್ಡು ಇತ್ತು. ಅಂಗಳದಲ್ಲಿ ನೆಡುವಂಥದ್ದು. ಅದರ ಮೇಲೆ ಲೆವಿಗೆ ಮತ ಕೊಡಿ ಎಂದಿತ್ತು. ಆ ಕೋರ್ಟಿನ ಸಲಹೆಗಾರ್ತಿಯ ಸಂಬಳ, ಮೂತ್ರ ಪರೀಕ್ಷೆ, ಹಳ್ಳಿಗಳಿಂದ ಜನರನ್ನು ಕರೆತರುವ ವ್ಯಾನು, ಎಲ್ಲವೂ ನಡೆಯುತ್ತಿದ್ದದ್ದು ಮನೆ ಜಮೀನುಗಳ ಮೇಲೆ ಹಾಕಿದ್ದ ಲೆವಿ ಎಂಬ ಒಂದು ಸಣ್ಣ ತೆರಿಗೆಯಿಂದ. ಅದರ ಅವಧಿ ಡಿಸೆಂಬರಿಗೆ ಮುಗಿಯುತ್ತಿತ್ತು. ಮುಂದುವರಿಯಬೇಕಾದರೆ ನವೆಂಬರಿನ ಚುನಾವಣೆಯಲ್ಲಿ ಜನ ಹೂಂ ಎನ್ನಬೇಕು. ಸಲಹೆಗಾರ್ತಿ ಪ್ರತಿ ಮನೆಗೂ ಒಂದೊಂದು ಬೋರ್ಡು ಕೊಟ್ಟು, ನಿಮ್ಮವರಿಗೆಲ್ಲ ಹೇಳಿ, ಗುರುತಿರುವವರನ್ನೆಲ್ಲ ಕೇಳಿ ಎಂದಿದ್ದಳಂತೆ.

ಲೊರೆಟಾ ಬೋರ್ಡನ್ನು ತೆಗೆದುಕೊಂಡು ಹೋಗಿ ಗ್ಯಾರೇಜಿನಲ್ಲಿ ಜಿಂಕೆ ಮಾಂಸ ಇಡುವ ದೊಡ್ಡ ಫ್ರೀಜರಿನ ಹಿಂದೆ ಸೇರಿಸಿದಳು.

"ಅಮ್ಮಾ, ಅದರ ಮೇಲೆ ನನ್ನ ಹೆಸರೇನೂ ಬರೆದಿಲ್ಲ" ಎಂದಳು ಶೆಲ್ಬಿ.

"ಈ ಮನೆ ಅಂಗಳದಲ್ಲಿ ಯಾವತ್ತಾದ್ರೂ ಲೆವಿ ಬೋರ್ಡು ನೋಡಿದ್ದೀಯಾ? ಜನ ಯಾಕೆ ಅಂತ ಕೇಳ್ತಾರೆ."

"ಕೇಳ್ಲಿ."

"ನಿಂಗೇನಮ್ಮ, ಕೇಳ್ಲಿ ಅಂತೀಯ. ಉತ್ತರ ಹೇಳ್ಬೇಕಾದೋಳು ನಾನು."

"ನಾನು ಪ್ರತಿ ಮಂಗಳವಾರ ನಿಂತು ಹೇಳ್ತಾ ಇದ್ದೀನಲ್ಲ" ಎಂದು ಶೆಲ್ಬಿ ಒಳಗೆ ಹೋಗಿ ಆಲೂಗಡ್ಡೆ ಹೆರೆಯತೊಡಗಿದಳು. ಊಟದ ಹೊತ್ತಿಗೆ ಡೆನ್ವರ್ ಬಂದಾಗ ವಿಷಯ ತಿಳಿದು, ತಾನು ಕೌಂಟಿಯ ರಸ್ತೆ ಇಲಾಖೆಯಲ್ಲಿರುವವನು, ತನ್ನ ಅಂಗಳದಲ್ಲಿ ಬೋರ್ಡು ಬೇಡವೇ ಬೇಡ ಎಂದ. ನಿಯಮ ಹಾಗಿದೆಯೇ ಎಂದು ಶೆಲ್ಬಿ ಕೇಳಿದಳು. ನಿಯಮ ಗೊತ್ತಿಲ್ಲ, ಮೇಲಧಿಕಾರಿಯ ಮುಖ ಗೊತ್ತು ಎಂದ ಡೆನ್ವರ್. ಅಷ್ಟರಲ್ಲಿ ಪಪ್ಪಾ ಕೋಲೂರುತ್ತ ಬಂದದ್ದರಿಂದ ಮೂವರೂ ಉಪ್ಪು ಕೊಡು, ಬೆಣ್ಣೆ ಕೊಡು ಎಂಬ ಮಾತಿಗಿಳಿದರು.

ಲೊರೆಟಾ ಕೆಲಸ ಮಾಡುತ್ತಿದ್ದದ್ದು ಪ್ರಾಥಮಿಕ ಶಾಲೆಯ ಅಡುಗೆಮನೆಯಲ್ಲಿ. ಅವಳ ಜೊತೆ ಟ್ರೂಡಿ ಎಂಬವಳಿದ್ದಳು. ಒಳ್ಳೆಯ ಹೆಂಗಸು, ಯಾರ ಮನೆಯಲ್ಲಿ ಸಾವಾದರೂ ಮೊದಲು ಊಟದ ಪಾತ್ರೆ ಹೊತ್ತು ಹೋಗುವವಳು. ಒಂದು ದಿನ ಮಕ್ಕಳಿಗೆ ಪಿಜ್ಜಾ ಕತ್ತರಿಸುತ್ತ ಟ್ರೂಡಿ ತಾನಾಗಿಯೇ ಲೆವಿಯ ಮಾತು ತೆಗೆದಳು. ಮಾತ್ರೆ ನುಂಗಿ ಹಾಳಾದವರಿಗೆ ಜೈಲಲ್ಲ, ಆಪ್ತಸಲಹೆಯಂತೆ, ವ್ಯಾನಂತೆ. ತನ್ನ ಗಂಡ ಡಯಾಲಿಸಿಸ್ಸಿಗೆ ಹೋಗುವಾಗ ಯಾರೂ ವ್ಯಾನು ಕಳಿಸಲಿಲ್ಲ ಎಂದಳು.

ಲೊರೆಟಾ ಕೈಯಲ್ಲಿದ್ದ ತಟ್ಟೆಯನ್ನು ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಬಾಯಿ ಬಿಟ್ಟರೆ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೋ ಎಂದು ಹೆದರಿ, "ಇವತ್ತು ಹಾಲು ಸಾಲುತ್ತಾ ನೋಡು" ಎಂದಳು. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲಾಗುವುದಿಲ್ಲ ಎಂದು ಚಿಕ್ಕಂದಿನಿಂದ ನಂಬಿದವಳು. ಆಡದ ಮಾತಿಗೂ ಲೆಕ್ಕ ಕೊಡಬೇಕಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ತಿಂಗಳ ನಡುವೆ ಪಪ್ಪಾನ ಮತಪತ್ರ ಅಂಚೆಯಲ್ಲಿ ಬಂತು. ಕಣ್ಣು ಮಂದವಾದ ಮೇಲೆ ಅವರು ಮತಗಟ್ಟೆಗೆ ಹೋಗುವುದನ್ನು ಬಿಟ್ಟಿದ್ದರು. ಅಡುಗೆಮನೆಯ ಮೇಜಿನ ಮುಂದೆ ಲೊರೆಟಾ ಓದಬೇಕು, ಅವರು ಹೇಳಬೇಕು, ಅವಳು ಹೆಸರಿನ ಪಕ್ಕದ ಸಣ್ಣ ದುಂಡನ್ನು ಕಪ್ಪು ಪೆನ್ನಿನಲ್ಲಿ ತುಂಬಬೇಕು. ಹೀಗೆ ಕೆಲವು ವರ್ಷಗಳಿಂದ ನಡೆದಿತ್ತು. ಈ ಕೆಲಸಕ್ಕೆ ಪಪ್ಪಾ ತಮ್ಮ ಮಗನನ್ನು ಕರೆಯುತ್ತಿರಲಿಲ್ಲ. ಡೆನ್ವರ್ ಓದುವಾಗಲೇ ಮೂಗು ಮುರಿಯುತ್ತಾನೆ, ಲೊರೆಟಾ ಇದ್ದದ್ದನ್ನು ಇದ್ದ ಹಾಗೆ ಓದುತ್ತಾಳೆ ಎನ್ನುತ್ತಿದ್ದರು. ಅವಳಿಗೆ ಆ ಮಾತಿನ ಮೇಲೆ ಒಳಗೊಳಗೇ ಹೆಮ್ಮೆ ಇತ್ತು. ಇನ್ನೊಬ್ಬರ ಮತದಲ್ಲಿ ಕೈಯಾಡಿಸಬಾರದು. ಹುಬ್ಬು ಕೂಡ ಆಡಿಸಬಾರದು.

ಅವತ್ತು ಒಲೆಯ ಮೇಲೆ ಹುರುಳಿಕಾಯಿ ಮತ್ತು ಹಂದಿ ಮಾಂಸ ಬೇಯುತ್ತಿತ್ತು. ಶೆಲ್ಬಿ ಕೆಲಸಕ್ಕೆ ಹೋಗಿದ್ದಳು. ಲೊರೆಟಾ ಕನ್ನಡಕ ಒರೆಸಿ ಹಾಕಿಕೊಂಡು ಒಂದೊಂದೇ ಹೆಸರು ಓದಿದಳು. ಷೆರಿಫ್, ಕಮಿಷನರ್, ಶವಪರೀಕ್ಷಾಧಿಕಾರಿ. ಪಪ್ಪಾ ಒಬ್ಬೊಬ್ಬರಿಗೂ ಒಂದೊಂದು ಬೈಗುಳ ಇಟ್ಟೇ ಮತ ಕೊಟ್ಟರು. ಆಮೇಲೆ ಲೆವಿಗಳು ಬಂದವು.

"ಅಗ್ನಿಶಾಮಕ ದಳಕ್ಕೆ" ಎಂದಳು.

"ಬೇಡ."

"ಲೈಬ್ರರಿಗೆ."

"ಬೇಡ. ಕಾರ್ಖಾನೆ ಮುಚ್ಚಿದಾಗ ನಮಗ್ಯಾರು ಲೆವಿ ಹಾಕಿದ್ರು?" ಇದು ಅವರು ಪ್ರತಿ ಸಲ ಹೇಳುವ ಮಾತು.

ಮೂರನೆಯದು ಬಂತು. ಅದರಲ್ಲಿ ಕೋರ್ಟು ಎಂಬ ಪದವೇ ಇರಲಿಲ್ಲ. ಮಾನಸಿಕ ಆರೋಗ್ಯ ಮತ್ತು ಚೇತರಿಕೆ ಸೇವೆಗಳ ಮಂಡಳಿಗೆ, ಚಾಲ್ತಿ ವೆಚ್ಚಗಳ ಸಲುವಾಗಿ, ಐದು ವರ್ಷಗಳ ಅವಧಿಗೆ ಎಂದಿತ್ತು. ಲೊರೆಟಾ ಅದನ್ನು ಅಲ್ಪವಿರಾಮಗಳ ಸಮೇತ ಓದಿದಳು. ಪಪ್ಪಾ ತಲೆ ಎತ್ತಿದರು.

"ಇದ್ಯಾವುದು?"

"ಇದ್ದದ್ದನ್ನ ಓದಿದೆ ಪಪ್ಪಾ."

"ಯಾತಕ್ಕೆ ದುಡ್ಡು?"

"ಚಾಲ್ತಿ ವೆಚ್ಚ ಅಂತಿದೆ."

"ಅಷ್ಟೇನಾ?"

ಹೇಳಬೇಕಾದದ್ದು ಇಷ್ಟೇ ಇತ್ತು. ಇದು ಶೆಲ್ಬಿಗೆ, ಪಪ್ಪಾ. ಮೂರೇ ಪದ. ಆದರೆ ಆ ಮೂರು ಪದದ ಹಿಂದೆ ಹಿಂಬಾಗಿಲು, ಔಷಧಿ ಡಬ್ಬಿ, ನೇರಳೆ ಬಣ್ಣ ಎಲ್ಲವೂ ಸಾಲಾಗಿ ಬರಬೇಕಾಗುತ್ತಿತ್ತು. ಕೊನೆಯಲ್ಲಿ ಜಗುಲಿಯ ಮೇಲೆ ಇನ್ನೊಂದು ಕಸದ ಚೀಲ ಕಾಣಿಸುತ್ತಿತ್ತು.

"ಅಷ್ಟೇ ಬರೆದಿರೋದು" ಎಂದಳು.

ಪಪ್ಪಾ ಮೇಜಿನ ಮೇಲೆ ಬೆರಳು ಬಡಿದರು. "ಹಾಗಾದ್ರೆ ಬೇಡ" ಎಂದರು.

ಲೊರೆಟಾ ಬೇಡ ಎಂಬುದರ ಪಕ್ಕದ ದುಂಡನ್ನು ಅಂಚು ಮೀರದ ಹಾಗೆ ತುಂಬಿದಳು.

ಚುನಾವಣೆಯ ಮಾರನೆಯ ಬೆಳಿಗ್ಗೆ ರೇಡಿಯೋದಲ್ಲಿ ಫಲಿತಾಂಶ ಹೇಳಿದರು. ಅಗ್ನಿಶಾಮಕದ್ದು ಗೆದ್ದಿತ್ತು. ಲೈಬ್ರರಿಯದೂ ಗೆದ್ದಿತ್ತು. ಚೇತರಿಕೆಯ ಲೆವಿ ಸೋತಿತ್ತು. ಸೋತ ಅಂತರವೆಂದರೆ ಚರ್ಚಿನ ಒಂದು ಬೆಂಚಿನಲ್ಲಿ ಕೂರುವಷ್ಟು ಜನ. ಶೆಲ್ಬಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಕೋಟು ಹಾಕಿಕೊಂಡು ಕೆಲಸಕ್ಕೆ ಹೋದಳು. ಲೊರೆಟಾ ಆ ವಾರವೆಲ್ಲ ಮನಸ್ಸಿನಲ್ಲಿ ಒಂದು ಬೆಂಚು ತುಂಬಿಸುತ್ತ ಹೋದಳು. ಟ್ರೂಡಿ ಮತ್ತು ಅವಳ ಗಂಡ. ಎದುರು ಮನೆಯ ದಂಪತಿ. ಕೂದಲು ಕತ್ತರಿಸುವವಳು. ಹಾಡುವಾಗ ಪಕ್ಕ ಕೂರುವ ಗುಮಾಸ್ತೆ. ಪಪ್ಪಾ. ಕೇಳಬಹುದಾಗಿದ್ದವರೇ ಬೆಂಚು ತುಂಬಿ ಇನ್ನೊಂದಕ್ಕೂ ಆಗುತ್ತಿದ್ದರು.

ಡಿಸೆಂಬರಿನ ಕೊನೆಯ ಮಂಗಳವಾರ ಕೋರ್ಟು ಮುಚ್ಚಿತು. ಜಡ್ಜು ಎಲ್ಲರ ಕೈ ಕುಲುಕಿದರಂತೆ. ಸಲಹೆಗಾರ್ತಿ ತನ್ನ ಹೂಕುಂಡಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿಕೊಂಡು ಹೋದಳಂತೆ. ಶೆಲ್ಬಿಯಂಥವರನ್ನೆಲ್ಲ ಸಾಮಾನ್ಯ ಪ್ರೊಬೇಷನ್ ನಿಗಾವಣೆಗೆ ವರ್ಗ ಮಾಡಿದರು. ತಿಂಗಳಿಗೊಮ್ಮೆ ಒಬ್ಬ ಅಧಿಕಾರಿಯ ಮುಂದೆ ಹೋಗಿ ನಿಂತರೆ ಮುಗಿಯಿತು. ಡೆನ್ವರನಿಗೆ ಇದು ಒಳ್ಳೆಯದೇ ಅನ್ನಿಸಿತ್ತು.

"ವಾರ ವಾರ ಅಲೆಯೋದು ತಪ್ತಲ್ಲ" ಎಂದ.

"ಅಲೆದಾಟದಿಂದಾನೇ ನಾನು ಸರಿ ಇದ್ದೆ, ಅಪ್ಪ" ಎಂದಳು ಶೆಲ್ಬಿ.

ಜನವರಿ ಒಂದರ ಮರುದಿನ ಬೆಳಿಗ್ಗೆ ಅವಳು ಅಭ್ಯಾಸಬಲದಿಂದ ಫೋನು ತೆಗೆದು ಕಿವಿಗಿಟ್ಟಳು. ಲೊರೆಟಾ ತಾನೂ ಅಭ್ಯಾಸಬಲದಿಂದ ಬಾಣಲೆಗೆ ಸೌಟು ಹಾಕಿದಳು. ಈ ನಂಬರು ಚಾಲ್ತಿಯಲ್ಲಿಲ್ಲ ಎಂದು ಬೇರೊಂದು ದನಿ ಹೇಳಿತು. ಶೆಲ್ಬಿ ಅದನ್ನು ಪೂರ್ತಿ ಕೇಳಿ, ಇನ್ನೊಮ್ಮೆ ಹಚ್ಚಿ ಪೂರ್ತಿ ಕೇಳಿದಳು.

"ಇನ್ಮೇಲೆ ನನಗೆ ಬಣ್ಣ ಇಲ್ಲ" ಎಂದು ನಗಲು ನೋಡಿದಳು. "ನಾನು ಸರಿ ಇದ್ದೀನಾ ಇಲ್ವಾ ಅಂತ ಕೇಳೋರೇ ಇಲ್ಲ ಅಮ್ಮ."

"ನಾನಿಲ್ವಾ?"

"ನೀನು ಕೇಳೋದಿಲ್ಲ. ನೋಡ್ತೀಯ."

ಲೊರೆಟಾ ನಿಜವಾಗಿಯೂ ನೋಡುತ್ತಿದ್ದಳು. ಮಗಳ ಕಣ್ಣಿನ ಪಾಪೆ, ತಟ್ಟೆಯಲ್ಲಿ ಉಳಿದ ಊಟ, ಸ್ನಾನದ ಮನೆಯಲ್ಲಿ ಕಳೆದ ಹೊತ್ತು. ಫೆಬ್ರವರಿಯಲ್ಲಿ ಕಂಡದ್ದನ್ನೂ ಅವಳು ಕಂಡಳು. ಮಾತ್ರೆಯ ದಿನಗಳಲ್ಲಿದ್ದ ಹಾಗೆಯೇ ಶೆಲ್ಬಿ ಸಕ್ಕರೆ ಹೆಚ್ಚು ಹಾಕಿಕೊಳ್ಳತೊಡಗಿದಳು, ಮಾತಿನ ನಡುವೆ ಮೂಗು ಉಜ್ಜತೊಡಗಿದಳು. ಲೊರೆಟಾ ಡೆನ್ವರನಿಗೆ ಹೇಳಿದಳು. ರಸ್ತೆಯ ಹಿಮ ತೆಗೆದು ಉಪ್ಪು ಚೆಲ್ಲಿ ಬಂದು ಬೂಟು ಬಿಚ್ಚುತ್ತಿದ್ದ ಅವನು, ನೀನು ಇಲ್ಲದ್ದನ್ನೆಲ್ಲ ಕಾಣುತ್ತೀಯ ಎಂದು ರೇಗಿದ. ಸಲಹೆಗಾರ್ತಿಗೆ ಫೋನು ಮಾಡೋಣವೆಂದರೆ ಆ ಕಚೇರಿಯೇ ಇರಲಿಲ್ಲ. ಶುಲ್ಕದ ಚಿಕಿತ್ಸಾಲಯಕ್ಕೆ ಮಾಡಿದಾಗ ಜೂನ್ ತಿಂಗಳಿಗೆ ಹೆಸರು ಬರೆದುಕೊಳ್ಳುತ್ತೇವೆ ಎಂದರು.

ಮೊದಲಿನ ಕೋರ್ಟಿದ್ದಿದ್ದರೆ ಹೀಗೆ ಜಾರಿದವರನ್ನು ಎರಡು ರಾತ್ರಿ ಒಳಗಿಟ್ಟು, ಮರುದಿನ ಮತ್ತೆ ಆಪ್ತಸಲಹೆಗೆ ಕೂರಿಸುತ್ತಿದ್ದರು. ನಿಗಾ ಅಧಿಕಾರಿಯ ಮುಂದೆ ಶೆಲ್ಬಿಯ ಮೂತ್ರ ಪರೀಕ್ಷೆ ಒಮ್ಮೆ ಕೆಟ್ಟಿತು. ಎರಡನೆಯ ಸಲ ಅವಳು ಹೋಗಲೇ ಇಲ್ಲ.

ಷೆರಿಫನ ಪೊಲೀಸಿನವನು ಬಂದದ್ದು ಭಾನುವಾರ ಮಧ್ಯಾಹ್ನ. ಲೊರೆಟಾ ಅರೆದ ಆಲೂಗಡ್ಡೆಯ ಮೇಲೆ ಕೋಳಿ ಮತ್ತು ನೂಡಲ್ಸ್ ಬಡಿಸುತ್ತಿದ್ದಳು. ನಾಲ್ಕೂ ತಟ್ಟೆಯಲ್ಲಿ ಹಬೆಯಾಡುತ್ತಿತ್ತು. ಬಂದವನು ಡೆನ್ವರನ ಜೊತೆ ಶಾಲೆಯಲ್ಲಿ ಓದಿದವನೇ. ಟೊಪ್ಪಿ ತೆಗೆದು, ಊಟದ ಹೊತ್ತಿಗೆ ಬಂದದ್ದಕ್ಕೆ ಕ್ಷಮೆ ಕೇಳಿ, ಶೆಲ್ಬಿಯ ಕಡೆ ತಿರುಗಿ ವಾರಂಟಿದೆ ಎಂದ. ಲೊರೆಟಾಳ ಕಣ್ಣು ಮಗಳ ಕಡೆ ಹೋಗಲಿಲ್ಲ. ಪಪ್ಪಾನ ಕಡೆ ಹೋಯಿತು. ಅದನ್ನು ಶೆಲ್ಬಿ ಕಂಡಳು.

ಪಪ್ಪಾ ಕೋಲೂರಿ ಎದ್ದು ನಿಂತರು. "ಹೊರಗೆ ಚಳಿ ಇದೆ. ಕೋಟು ಹಾಕ್ಕೋ ಮಗಾ" ಎಂದರು. ತಾವೇ ತಡವುತ್ತ ಹೋಗಿ ಗೂಟದಿಂದ ಕೋಟು ತಂದು ಅವಳ ಹೆಗಲ ಮೇಲೆ ಹಾಕಿದರು.

ಕಾರು ಹೋದ ಮೇಲೆ ಡೆನ್ವರ್ ಅದರ ಹಿಂದೆಯೇ ತನ್ನ ಟ್ರಕ್ಕಿನಲ್ಲಿ ಹೋದ. ಮೇಜಿನ ಮುಂದೆ ಮಾವ ಸೊಸೆ ಇಬ್ಬರೇ ಉಳಿದರು. ಲೊರೆಟಾ ಹೇಳಬೇಕಾದದ್ದನ್ನೆಲ್ಲ ಮೊದಲಿನಿಂದ ಹೇಳತೊಡಗಿದಳು. ಪಪ್ಪಾ ಕೈಯೆತ್ತಿ ತಡೆದರು.

"ನನಗೆ ಗೊತ್ತು. ಬೇಸಿಗೆಯಿಂದ ಗೊತ್ತು."

"ಹೇಗೆ?"

"ನನ್ನ ಕಣ್ಣು ಮಂದ ಲೊರೆಟಾ, ಕಿವಿ ಅಲ್ಲ. ಕೆಂಪು, ಹಸಿರು, ನೇರಳೆ ಅಂತ ಪಾಳಿ ಕೊಡೋ ಹೋಟೆಲು ಎಲ್ಲಿದೆ? ಹಾರ್ಡ್‌ವೇರ್ ಅಂಗಡಿ ಮುಂದೆ ಕೂತು ಕಾಫಿ ಕುಡಿಯೋ ನಾಲ್ಕು ಮುದುಕರಲ್ಲಿ ಇಬ್ಬರ ಮೊಮ್ಮಕ್ಕಳಿಗೂ ಬಣ್ಣ ಇತ್ತು."

"ಮತ್ತೆ ಒಂದು ಮಾತೂ ಆಡಲಿಲ್ಲ ನೀವು."

"ನೀವಾಗೇ ಹೇಳ್ತೀರ ಅಂತ ಕಾದೆ. ನಾನಾಗಿ ಕೇಳಿದ್ರೆ ಹುಡುಗಿ ಎಲ್ಲಿ ಹೆದರಿ ಮನೆ ಬಿಟ್ಟು ಹೋಗ್ತಾಳೋ ಅಂತ. ಒಬ್ಬನನ್ನ ಆಚೆ ಹಾಕಿದೋನು ನಾನು. ಹಾಕಿ ಏನು ಕಂಡೆ ಅಂತ ಈ ಮನೇಲಿ ಯಾರಾದ್ರೂ ಒಂದು ದಿನ ಕೇಳಿದ್ರಾ?"

ನೂಡಲ್ಸು ತಣ್ಣಗಾಗಿ ಮೇಲೆ ಕೆನೆಗಟ್ಟಿತ್ತು. ಪಪ್ಪಾ ಚಮಚವನ್ನು ಎತ್ತಿ ಅಲ್ಲೇ ಇಟ್ಟರು.

"ಆ ಕೋರ್ಟು ಮುಚ್ಚಿದ್ದು ಯಾಕೆ? ದುಡ್ಡಿಲ್ಲ ಅಂತ ಅಂಗಡಿ ಹತ್ರ ಹೇಳಿದ್ರು."

ಈಗ ಹೇಳದೆ ಬೇರೆ ದಾರಿ ಇರಲಿಲ್ಲ. ಅವಳು ಹೇಳಿದಳು. ಆ ಮೂರನೆಯ ಲೆವಿ, ಚಾಲ್ತಿ ವೆಚ್ಚ ಎಂದು ಓದಿದ್ದು, ಅದು ಶೆಲ್ಬಿಯ ಕೋರ್ಟಿನದು.

ಪಪ್ಪಾ ಕಿಟಕಿಯ ಬೆಳಕಿನ ಕಡೆ ಮುಖ ತಿರುಗಿಸಿದರು.

"ನಾನು ಕೇಳಿದೆನಲ್ಲ" ಎಂದರು. ಬೈಗುಳ ಇರಲಿಲ್ಲ ಆ ದನಿಯಲ್ಲಿ. "ಯಾತಕ್ಕೆ ಅಂತ ಕೇಳಿದೆ. ಅಷ್ಟೇನಾ ಅಂತಾನೂ ಕೇಳಿದೆ."

"ಕೇಳಿದ್ರಿ, ಪಪ್ಪಾ."

ಸಾಮಾನ್ಯ ಕೋರ್ಟಿನ ಜಡ್ಜು ಬೇರೆ. ಅವರಿಗೆ ಶೆಲ್ಬಿಯ ಮಂಗಳವಾರಗಳು ಗೊತ್ತಿರಲಿಲ್ಲ. ತೂಗುಹಾಕಿದ್ದ ಒಂದೂವರೆ ವರ್ಷವನ್ನು ಪೂರ್ತಿ ಅವಳ ತಲೆಗೆ ಇಳಿಸಿದರು. ಹೆಂಗಸರ ಜೈಲು ಮೂರು ತಾಸಿನ ದಾರಿ. ಮೊದಲ ಭೇಟಿಗೆ ಮೂವರೂ ಹೋದರು. ಪಪ್ಪಾ ಮೊಮ್ಮಗಳ ಕೈ ಹಿಡಿದು, ನಾನು ಬೇಡ ಅಂದಿದ್ದೆ ಮಗಾ ಎಂದು ತಾವೇ ಹೇಳಿಬಿಟ್ಟರು. ಶೆಲ್ಬಿ ಅವರ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತ, "ಬಿಡು ಪಪ್ಪಾ, ನೀನು ಲೈಬ್ರರಿಗೂ ಬೇಡ ಅಂತೀಯ" ಎಂದಳು. ತಾಯಿಯ ಕಡೆ ತಿರುಗಿ ಶಾಲೆ ಹೇಗೆ ನಡೆದಿದೆ ಎಂದು ಕೇಳಿದಳು. ಬೇರೇನೂ ಕೇಳಲಿಲ್ಲ.

ಮೇ ತಿಂಗಳ ಚುನಾವಣೆಗೆ ಆ ಲೆವಿಯನ್ನು ಮತ್ತೆ ಇಟ್ಟರು. ಈ ಸಲ ಪಪ್ಪಾ ಲೊರೆಟಾಳನ್ನು ಕರೆದು, ಕಾರು ತೆಗಿ ಎಂದರು. ಏಪ್ರಿಲ್ ಪೂರ್ತಿ ಶನಿವಾರ ಶನಿವಾರ ಮಾವ ಸೊಸೆ ಮನೆ ಮನೆ ಹತ್ತಿ ಇಳಿದರು. ಪಪ್ಪಾ ಕೋಲಿನಿಂದ ಮೆಟ್ಟಿಲು ತಡವಿ ಮೇಲೆ ಹತ್ತಿ, ಬಾಗಿಲು ತೆರೆದವರು ಯಾರೆಂದು ದನಿಯಲ್ಲೇ ಗುರುತು ಹಿಡಿದು, "ನನ್ನ ಮೊಮ್ಮಗಳು ಜೈಲಲ್ಲಿದ್ದಾಳೆ, ಕೂತು ಮಾತಾಡೋಣ್ವಾ" ಎನ್ನುತ್ತಿದ್ದರು. ಕೆಲವರು ಕುರ್ಚಿ ಎಳೆದರು. ಕೆಲವರು ಒಲೆಯ ಮೇಲೆ ಏನೋ ಇದೆ ಎಂದರು.

ಟ್ರೂಡಿಯ ಮನೆಗೆ ಲೊರೆಟಾ ಒಬ್ಬಳೇ ಹೋದಳು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದಳು. ಟ್ರೂಡಿಯ ಕಣ್ಣು ತುಂಬಿತು.

"ಗೊತ್ತಿದ್ರೆ ಅವತ್ತು ನಿನ್ನ ಮುಂದೆ ಆ ಮಾತು ಆಡ್ತಿರ್ಲಿಲ್ಲ ಕಣೆ."

"ಗೊತ್ತಿದ್ರೆ ಮತ ಹಾಕ್ತಿದ್ಯಾ?"

ಟ್ರೂಡಿ ಏಪ್ರನ್ನಿನಿಂದ ಮೂಗು ಒರೆಸಿಕೊಂಡಳು. "ಸುಳ್ಳು ಯಾಕೆ ಹೇಳ್ಲಿ. ಗೊತ್ತಿಲ್ಲ. ಆದರೆ ನೀನು ಕೇಳಿದ್ರೆ ಇಲ್ಲ ಅನ್ನೋದು ಕಷ್ಟ ಆಗ್ತಿತ್ತು."

ಲೆವಿ ಗೆದ್ದಿತು. ಈ ಸಲದ ಅಂತರ ಹಲವು ಬೆಂಚುಗಳಷ್ಟಿತ್ತು. ಹಣ ಕೈಸೇರುವುದು ಮುಂದಿನ ವರ್ಷವಾದರೂ ಆ ಭರವಸೆಯ ಮೇಲೆ ಜುಲೈನಲ್ಲಿ ಮಂಗಳವಾರದ ಕೋರ್ಟು ಮತ್ತೆ ಬಾಗಿಲು ತೆರೆಯಿತು. ಒಮ್ಮೆ ಜೈಲಿಗೆ ಹೋದವರನ್ನು ಅದಕ್ಕೆ ವಾಪಸು ತರುವ ದಾರಿ ಇದೆಯೇ ಎಂದು ಡೆನ್ವರ್ ವಕೀಲರನ್ನು ಕೇಳಿ ಬಂದ. ಇರಲಿಲ್ಲ.

ಸಲಹೆಗಾರ್ತಿ ಫೋನು ಮಾಡಿ, ನೀವು ಮನೆ ಮನೆ ಹೋದದ್ದು ಕೇಳಿದೆ, ಮೊದಲ ದಿನ ಬನ್ನಿ ಎಂದು ಕರೆದಳು. ಲೊರೆಟಾ ಎರಡು ಬೀದಿ ಈಚೆ ಕಾರು ನಿಲ್ಲಿಸಲಿಲ್ಲ. ಕೋರ್ಟಿನ ಎದುರಿಗೇ ನಿಲ್ಲಿಸಿ ಒಳಗೆ ಹೋದಳು. ಅವಳ ಚರ್ಚಿನವಳಾದ ಗುಮಾಸ್ತೆ ತಲೆಯೆತ್ತಿ ನೋಡಿ, ಹಿಂದಿನ ಸಾಲಿನಲ್ಲಿ ಜಾಗವಿದೆ ಎಂದು ಕೈಯಲ್ಲೇ ತೋರಿಸಿದಳು.

ಲೊರೆಟಾ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಕೋರ್ಟೇ ಬೇರೆ. ಕೈಕೋಳ, ಗದರಿಕೆ, ತಗ್ಗಿಸಿದ ತಲೆಗಳು. ಇಲ್ಲಿ ಜಡ್ಜು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಹತ್ತಿರ ನಿಲ್ಲಿಸಿಕೊಂಡು, ಕೆಲಸ ಸಿಕ್ಕಿತೇ, ಹಲ್ಲುನೋವು ಹೇಗಿದೆ ಎಂದು ಕೇಳುತ್ತಿದ್ದರು. ವಾರ ಪೂರ್ತಿ ಮಾತ್ರೆ ಮುಟ್ಟದೆ ಶುದ್ಧವಾಗಿದ್ದೆ ಎಂದು ಎದುರು ನಿಂತವರು ಹೇಳಿದ ಕೂಡಲೇ ಜಡ್ಜಿನಿಂದ ಹಿಡಿದು ಬಾಗಿಲ ಪೊಲೀಸಿನವರೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಲೊರೆಟಾಗೆ ಅದು ಗೊತ್ತೇ ಇರಲಿಲ್ಲ. ಇಲ್ಲಿ ಚಪ್ಪಾಳೆ ತಟ್ಟುತ್ತಾರೆಂದು ಶೆಲ್ಬಿ ಒಂದು ದಿನವೂ ಹೇಳಿರಲಿಲ್ಲ. ಅಥವಾ ಒಳಗೆ ಬಾ ಎಂದು ಕರೆದದ್ದೇ ಅದನ್ನು ಹೇಳುವುದಕ್ಕೋ ಏನೋ.

ಚಪ್ಪಾಳೆ ನಿಂತ ಮೇಲೆ ಜಡ್ಜು ಪ್ರತಿಯೊಬ್ಬರನ್ನೂ ಒಂದು ಪ್ರಶ್ನೆ ಕೇಳುತ್ತಿದ್ದರು. ಇವತ್ತು ನಿಮ್ಮ ಜೊತೆ ಯಾರು ಬಂದಿದ್ದಾರೆ? ಕರೆಸಿಕೊಂಡವರು ಹಿಂದೆ ತಿರುಗಿ ತೋರಿಸುತ್ತಿದ್ದರು. ಅಮ್ಮ, ಹೆಂಡತಿ, ಚಿಕ್ಕಪ್ಪ. ತೋರಿಸಿಕೊಂಡವರು ಕೈ ಎತ್ತುತ್ತಿದ್ದರು.

ಪಕ್ಕದಲ್ಲಿ ಕೂತಿದ್ದ ಹೆಂಗಸು ಲೊರೆಟಾಳ ಕಡೆ ಬಾಗಿ, ತನ್ನ ಮಗ ಹೇಗೋ ಆ ಚಳಿಗಾಲ ದಾಟಿಕೊಂಡ, ಈಗ ಮತ್ತೆ ಇಲ್ಲಿಗೇ ಬಂದಿದ್ದಾನೆ ಎಂದು ಹೇಳಿ, ನಿಮ್ಮವರು ಯಾರು ಎಂದು ಕೇಳಿದಳು. ಲೊರೆಟಾ ಮಗಳ ಹೆಸರು ಹೇಳಿದಳು.

"ಓ, ಶೆಲ್ಬಿ ಅಮ್ಮನಾ ನೀವು" ಎಂದಳು ಆಕೆ. "ನಿಮ್ಮನ್ನ ನೋಡ್ಬೇಕು ಅಂತಿತ್ತು. ಜಡ್ಜು ಕೇಳಿದಾಗಲೆಲ್ಲ 'ನಮ್ಮಮ್ಮ ಬಂದಿದ್ದಾರೆ, ಹೊರಗೆ ಕಾಯ್ತಾ ಇದ್ದಾರೆ' ಅಂತಿದ್ದಳು. ಒಂದು ವಾರಾನೂ ತಪ್ಪದ ಹಾಗೆ."

ಮುಂದಿನ ಹೆಸರು ಕರೆದರು. ಎದ್ದು ನಿಂತವಳು ಶೆಲ್ಬಿಗಿಂತ ಚಿಕ್ಕವಳು, ಮೈಗೆ ದೊಡ್ಡದಾದ ಅಂಗಿ ತೊಟ್ಟವಳು. ಶುದ್ಧವಾಗಿ ಎಂಟು ದಿನ ಎಂದು ಕೇಳಿಸಿದರೆ ಕೇಳಿಸಲಿ ಎಂಬಂತೆ ಹೇಳಿದಳು. ಚಪ್ಪಾಳೆ ಬಿತ್ತು. ಜೊತೆಗೆ ಯಾರು ಬಂದಿದ್ದಾರೆಂದು ಜಡ್ಜು ಕೇಳಿದರು. ಹುಡುಗಿ ಹಿಂದೆ ತಿರುಗಿ ಸಾಲುಗಳನ್ನು ಒಂದೊಂದಾಗಿ ನೋಡಿ, ಮತ್ತೆ ಮುಂದೆ ತಿರುಗಿ, ಹೊರಗೆ ಕಾಯ್ತಿದ್ದಾರೆ ಎಂದಳು.

ಲೊರೆಟಾ ಎದ್ದು ಬಾಗಿಲ ಕಡೆ ನಡೆದಳು, ಯಾವ ಕಾರಿನಲ್ಲಿ ಯಾರು ಕೂತಿದ್ದಾರೆಂದು ನೋಡಲು.